ಮೈಕಿನಲ್ಲಿ ಕೂಗದ ಹೆಸರು

ಬಸ್ ನಿಲ್ದಾಣದಲ್ಲಿ ಅವಳು ಎಲ್ಲರಿಗೂ ಮೈಕಕ್ಕ. ಡ್ರೈವರುಗಳು, ಕಂಡಕ್ಟರುಗಳು, ಕಸ ಗುಡಿಸುವವರು, ಮೇಲಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ತೂಕಡಿಸುವ ಮ್ಯಾನೇಜರು, ಎಲ್ಲರೂ ಹಾಗೆಯೇ ಕರೆಯುವುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ತಮಾಷೆಗೆ ಅಂದದ್ದು ಹಾಗೇ ಅಂಟಿಕೊಂಡುಬಿಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಮೂಗು ಮುರಿಯುತ್ತಿದ್ದರೇನೋ, ಇವಳು ಮಾತ್ರ ಒಳಗೊಳಗೇ ಹಿಗ್ಗಿದಳು. ಮನೆಯಲ್ಲೂ ಅಷ್ಟೇ. ಗಂಡನೆಂಬ ಮಹಾನುಭಾವ ಮದುವೆಯಾದಾಗಿನಿಂದ 'ಏನೇ', 'ಇವಳೇ' ಎನ್ನುವುದು ಬಿಟ್ಟು ಬೇರೆ ರೀತಿ ಕರೆದವನಲ್ಲ. ಅಕ್ಕಪಕ್ಕದ ಹೆಂಗಸರು ತಮ್ಮ ಗಂಡಂದಿರ ಮೇಲೆ ಇದೇ ದೂರು ಹೇಳಿಕೊಂಡರೆ, ಇವಳು ಆ ಮನುಷ್ಯನ ಗುಣಗಳಲ್ಲಿ ಅದನ್ನೇ ಮೊದಲನೆಯದಾಗಿ ಎಣಿಸುತ್ತಿದ್ದಳು.

ಅವಳ ಕೆಲಸದ ಜಾಗ ಒಂದನೇ ಅಂಕಣದ ಮೂಲೆಯಲ್ಲಿರುವ ಗಾಜಿನ ಗೂಡು. ಒಳಗೆ ಒಂದು ಕುರ್ಚಿ, ಒಂದು ಮೇಜು, ಕತ್ತು ಬಗ್ಗಿಸಿದ ಒಂದು ಮೈಕು. ಗಾಜಿನಲ್ಲಿ ಮುಖದ ಎತ್ತರಕ್ಕೆ ಒಂದು ದುಂಡು ಕಿಂಡಿ, ಅದರ ಕೆಳಗೆ ಕೈ ತೂರುವಷ್ಟು ಸಂದು. ಮೈಕಿನ ಸ್ಪಂಜಿನ ಟೋಪಿಯನ್ನು ಅವಳೇ ಮನೆಗೆ ಒಯ್ದು ಸೋಪು ಹಾಕಿ ತೊಳೆದು ತರುತ್ತಾಳೆ, ಯಾಕೆಂದರೆ ಅವಳು ಊಟಕ್ಕೆ ಹೋದಾಗ ಅದರ ಮುಂದೆ ಕೂರುವ ಟೈಮ್‌ಕೀಪರಿಗೆ ಈರುಳ್ಳಿಯ ಮೇಲೆ ವಿಪರೀತ ಪ್ರೀತಿ.

ಬಸ್ಸು ಕೂಗುವುದನ್ನು ಯಾರು ಬೇಕಾದರೂ ಮಾಡಬಹುದು. ಮನುಷ್ಯರನ್ನು ಕೂಗುವುದು ಹಾಗಲ್ಲ. ಮಗು ತಪ್ಪಿಸಿಕೊಂಡಿದೆ ಎಂದು ತಾಯಿ ಎದೆ ಬಡಿದುಕೊಂಡು ಓಡಿಬಂದರೆ ಮೈಕಕ್ಕ ಮೊದಲು ಮೈಕಿನ ಗುಂಡಿ ಆರಿಸುತ್ತಾಳೆ. "ಮನೇಲಿ ಊಟಕ್ಕೆ ಹೇಗೆ ಕರೀತೀರೋ ಹಾಗೇ ನಂಗೊಂದು ಸಲ ಕರೆದು ತೋರ್ಸಿ" ಎನ್ನುತ್ತಾಳೆ. ತಾಯಿ ಅಳುತ್ತಲೇ ಕರೆಯುತ್ತಾಳೆ. ಆ ಎಳೆತ, ಆ ತಿರುವು, ಕೊನೆಯಲ್ಲಿ ಏರಿಸುವುದೋ ಇಳಿಸುವುದೋ, ಅದನ್ನೆಲ್ಲ ಕಿವಿಗೆ ಹಾಕಿಕೊಂಡು ಅದೇ ಧಾಟಿಯಲ್ಲಿ ಮೈಕಿನಲ್ಲಿ ಕೂಗುತ್ತಾಳೆ. ಸರಕಾರಿ ದನಿಯಲ್ಲಿ ಕೂಗಿದರೆ ಮಗು ತಾನೇನೋ ತಪ್ಪು ಮಾಡಿದೆನೆಂದು ಕಂಬದ ಹಿಂದೆ ಅವಿತುಕೊಳ್ಳುತ್ತದೆ. ತಾಯಿಯ ಧಾಟಿ ಕೇಳಿದರೆ ಎಲ್ಲಿದ್ದರೂ ಬಾಯಿ ಬಿಟ್ಟು ಅಳುತ್ತದೆ, ಅತ್ತರೆ ಸಿಕ್ಕಿತೆಂದೇ ಲೆಕ್ಕ. ಹೀಗೆ ಅವಳು ಎಷ್ಟೋ ಮಕ್ಕಳನ್ನು ಎಷ್ಟೋ ತಾಯಂದಿರ ಮಡಿಲಿಗೆ ಹಾಕಿದ್ದಾಳೆ.

ಆದರೆ ಒಂದು ಹೆಸರನ್ನು ಮಾತ್ರ ಅವಳು ಈವರೆಗೆ ಆ ಮೈಕಿನಲ್ಲಿ ಕೂಗಿಲ್ಲ. ಅದು ಅವಳದೇ ಹೆಸರು. ಬೀದಿಗೆ ಇಬ್ಬರಾದರೂ ಸಿಗುವಂಥ ಸಾಧಾರಣ ಹೆಸರು, ಹಾಗಾಗಿ ಕೂಗಬೇಕಾದ ಸಂದರ್ಭ ಆಗಾಗ ಬರುತ್ತದೆ. ಬಂದಾಗೆಲ್ಲ ಅವಳು ಟೈಮ್‌ಕೀಪರನನ್ನು ಕರೆದು ಕುರ್ಚಿ ಬಿಟ್ಟುಕೊಡುತ್ತಾಳೆ. ಆ ಮನುಷ್ಯ ಒಮ್ಮೆ ಯಾಕೆಂದು ಕೇಳಿ, ಅವಳ ಮುಖ ನೋಡಿ, ಮತ್ತೆ ಕೇಳಲಿಲ್ಲ.

ಇಂಥವಳಿಗೆ ಆವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಮಗಳ ಫೋನು ಬಂತು. ಮಗಳು ಮೊನ್ನೆಯಷ್ಟೇ ಹೆಣ್ಣು ಹೆತ್ತಿದ್ದಳು. ಬಾಣಂತಿ, ಮಗು ಇಬ್ಬರೂ ಚೆನ್ನಾಗಿದ್ದರು.

"ಅಮ್ಮಾ, ಪಾಪುಗೆ ಹೆಸರು ಗಟ್ಟಿ ಆಯ್ತು" ಎಂದಳು ಮಗಳು. "ನಿನ್ನ ಹೆಸರೇ. ಇವರೂ ಒಪ್ಪಿದಾರೆ. ಸಂಜೆ ಬರ್ತ್ ಸರ್ಟಿಫಿಕೇಟಿಗೆ ಬರ್ಕೊಳೋಕೆ ಬರ್ತಾರಂತೆ, ಹೆಸರು ಕೊಟ್ಟ ಮೇಲೇನೇ ಮನೆಗೆ ಕಳಿಸೋದು."

"ನನ್ನ ಹೆಸರು ಯಾಕೆ? ಹಳೇ ಕಾಲದ್ದು. ಚೆನ್ನಾಗಿರೋದು ಏನಾದ್ರೂ ನೋಡಿ."

"ನೋಡಿದ್ವಿ. ಇದರಷ್ಟು ಚೆನ್ನಾಗಿರೋದು ಸಿಗ್ಲಿಲ್ಲ. ಅಜ್ಜಿಗೂ ಹೇಳ್ದೆ. ಫೋನಲ್ಲೇ ಅತ್ತುಬಿಟ್ರು, ಅಷ್ಟು ಖುಷಿ. ಮಾವನ ಮನೆಯಿಂದ ಈಗ್ಲೇ ಬಸ್ ಹತ್ತಿದಾರೆ. ಡ್ಯೂಟಿ ಮುಗಿಸ್ಕೊಂಡು ಅವರನ್ನೂ ಕರ್ಕೊಂಡು ಬಂದ್ಬಿಡು."

ಬೇಡ ಎನ್ನಬೇಕಿತ್ತು. ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅದನ್ನು ಅವಳು ಹೆತ್ತ ಮಗಳಿಗಿರಲಿ, ಕಟ್ಟಿಕೊಂಡ ಗಂಡನಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಆ ಕಡೆ ಮಗು ಅತ್ತಿತು, ಫೋನು ಕಟ್ಟಾಯಿತು.

ಹೇಳದ ಸಂಗತಿ ಇಷ್ಟು. ಅವಳು ಹುಟ್ಟುವ ಮೊದಲು ಆ ಮನೆಯಲ್ಲಿ ಅದೇ ಹೆಸರಿನ ಇನ್ನೊಬ್ಬ ಹುಡುಗಿ ಇದ್ದಳು. ನಾಲ್ಕು ವರ್ಷದವಳಿದ್ದಾಗ ಇದೇ ನಿಲ್ದಾಣದಲ್ಲಿ ಕಳೆದುಹೋದಳು. ಆಗ ಇಲ್ಲಿ ಇಂಥ ಕಟ್ಟಡವಿರಲಿಲ್ಲ, ತಗಡಿನ ಸೂರು ಹೊದೆಸಿದ ಬಯಲು, ಮೈಕೂ ಇರಲಿಲ್ಲ. ಬಸ್ಸಿನ ಮೇಲಿಂದ ಇಳಿಸುತ್ತಿದ್ದ ಗಂಟನ್ನು ಹಿಡಿದುಕೊಳ್ಳಲು ಅಮ್ಮ ಅವಳ ಕೈ ಬಿಟ್ಟಿದ್ದಳು. ಗಂಟು ಕೈಗೆ ಬಂತು, ಹುಡುಗಿ ಸಿಗಲಿಲ್ಲ. ಪೊಲೀಸರಾಯಿತು, ಊರೂರು ಅಲೆದಿದ್ದಾಯಿತು, ಸಿಕ್ಕಸಿಕ್ಕವರ ಕಾಲು ಹಿಡಿದಿದ್ದಾಯಿತು. ಸತ್ತಿದ್ದರೆ ಅತ್ತು ಮುಗಿಸಬಹುದಿತ್ತು. ಕಳೆದುಹೋದವರು ಮನೆಯವರಿಗೆ ಆ ಒಂದು ಸೌಕರ್ಯವನ್ನೂ ಬಿಟ್ಟುಹೋಗುವುದಿಲ್ಲ.

ಬೀದಿ ಬೀದಿಯಲ್ಲಿ ಕೂಗಿ ಕೂಗಿ ಅಮ್ಮನ ಬಾಯಿಗೆ ಆ ಹೆಸರು ಹತ್ತಿಹೋಗಿತ್ತು. ಅಡುಗೆ ಮಾಡುವಾಗಲೂ ಕೂಗುತ್ತಿದ್ದಳು, ಬಟ್ಟೆ ಹಿಂಡುವಾಗಲೂ ಕೂಗುತ್ತಿದ್ದಳು. ಒಂದೆರಡು ವರ್ಷ ಕಳೆದು ಮತ್ತೊಂದು ಹೆಣ್ಣು ಹುಟ್ಟಿತು. ಅಪ್ಪ ಬೇರೆ ಹೆಸರು ಹುಡುಕಿಟ್ಟಿದ್ದನಂತೆ. ಅಮ್ಮ ಕೇಳಲಿಲ್ಲ. "ಅದೇ ಹೆಸರಿಡಿ. ನನ್ನ ಬಾಯಿ ಹೇಗೂ ಕೂಗೋದು ನಿಲ್ಸಲ್ಲ. ಓ ಅನ್ನೋಕೆ ಒಬ್ಬಳಾದ್ರೂ ಇರ್ಲಿ" ಎಂದಳಂತೆ. ಇದನ್ನು ಇವಳಿಗೆ ಹೇಳಿದವಳು ಸೋದರತ್ತೆ, ತಲೆ ಬಾಚುತ್ತಾ, ಸಿಕ್ಕು ಬಿಡಿಸುತ್ತಾ, ಏನೋ ಪುಣ್ಯದ ಕೆಲಸ ಮಾಡುವವಳಂತೆ. ಹೇಳಬಾರದ್ದನ್ನು ಹೇಳಲಿಕ್ಕೆಂದೇ ದೇವರು ಪ್ರತಿ ಮನೆಗೂ ಇಂಥ ಒಂದು ಬಾಯಿ ಕೊಟ್ಟಿರುತ್ತಾನೆ.

ಅತ್ತೆ ಹೇಳದಿದ್ದರೂ ಇವಳಿಗೆ ಏನೋ ಇದೆಯೆಂದು ಗೊತ್ತಿತ್ತು. ಸಂಜೆ ಹೊತ್ತು ಅಮ್ಮ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಿದ್ದಳು. ಮೊದಲ ಅಕ್ಷರವನ್ನು ಉದ್ದಕ್ಕೆ ಎಳೆದು, ಕೊನೆಯದನ್ನು ಏರಿಸಿ, ಯಾರನ್ನೋ ಏನೋ ಕೇಳುವ ಹಾಗೆ. ಇವಳು ಆಟ ಬಿಟ್ಟು "ಬಂದೆ" ಎಂದು ಓಡಿಹೋಗಿ ಎದುರು ನಿಂತರೆ ಅಮ್ಮನ ಕಣ್ಣು ಇವಳ ನೆತ್ತಿಯ ಮೇಲಿಂದ ಬೀದಿಯ ತುದಿಯವರೆಗೆ ಹೋಗಿ, ನಿಧಾನಕ್ಕೆ ಹಿಂದಿರುಗಿ, ಇವಳ ಮೇಲೆ ಬೀಳುತ್ತಿತ್ತು. "ಓ, ನೀನಾ" ಎನ್ನುತ್ತಿದ್ದಳು ಅಮ್ಮ. ಬೈದದ್ದಲ್ಲ, ಹೊಡೆದದ್ದಲ್ಲ. ಆಮೇಲೆ ಕೈಕಾಲು ತೊಳೆಸಿ, ತಟ್ಟೆಗೆ ಬಡಿಸಿ, ಎಲ್ಲವನ್ನೂ ಮಾಡುತ್ತಿದ್ದಳು. ಆದರೆ ಆ ಎರಡು ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು.

ಬಾಡಿಗೆ ಮನೆಯವರು ಗೋಡೆಗೆ ಮೊಳೆ ಹೊಡೆಯಲು ಹೆದರುವಂತೆ ಅವಳು ಆ ಹೆಸರಿನಲ್ಲಿ ಬದುಕಿದಳು. ಒಡತಿ ಎಲ್ಲೋ ಇದ್ದಾಳೆ, ಯಾವತ್ತಾದರೂ ಬಂದು ಬಾಗಿಲು ತಟ್ಟಬಹುದು, ತಟ್ಟಿದ ದಿನ ತಾನು ಗಂಟುಮೂಟೆ ಕಟ್ಟಬೇಕು. ತನಗಿಂತ ಐದಾರು ವರ್ಷ ದೊಡ್ಡವರಾದ ಹೆಂಗಸರು ಕಿಂಡಿಯ ಮುಂದೆ ನಿಂತರೆ ಇವತ್ತಿಗೂ ಅವಳ ಕಣ್ಣು ಅವರ ಎಡಗಿವಿಯ ಕಡೆ ಹೋಗುತ್ತದೆ. ಕಳೆದುಹೋದವಳ ಎಡಗಿವಿಯ ಹಿಂದೆ ಇಸ್ತ್ರಿಪೆಟ್ಟಿಗೆ ತಗುಲಿ ಸುಟ್ಟ ಕಲೆ ಇತ್ತೆಂದು ಅತ್ತೆ ಹೇಳಿದ್ದಳು. ಅತ್ತೆ ಏನನ್ನೂ ಬಾಕಿ ಇಟ್ಟಿರಲಿಲ್ಲ.

ಈಗ ಆ ಹೆಸರಿನೊಳಗೆ ಹಸುಗೂಸನ್ನು ಮಲಗಿಸಬೇಕಂತೆ. ಅಮ್ಮ ಬಂದು ಮಗುವನ್ನು ಎತ್ತಿಕೊಳ್ಳುತ್ತಾಳೆ. ಆ ಧಾಟಿಯಲ್ಲಿ ಕೂಗುತ್ತಾಳೆ. ಮಗು ಕಣ್ಣು ಬಿಟ್ಟು ನೋಡಿದಾಗ ಅಮ್ಮನ ಕಣ್ಣು ಎಲ್ಲಿಗೋ ಹೋಗಿ, ವಾಪಸ್ಸು ಬಂದು, "ಓ, ನೀನಾ" ಎನ್ನುತ್ತದೆ. ತನಗಾದದ್ದು ಆಯಿತು. ಇನ್ನೂ ಕಣ್ಣು ಸರಿಯಾಗಿ ತೆರೆಯದ ಆ ಜೀವಕ್ಕೆ ಯಾಕೆ ಇದು?

ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಮಗಳಿಗೆ ಫೋನು ಹಚ್ಚಿದಳು. "ನೋಡು, ಆ ಹೆಸರು ಅಷ್ಟು ಒಳ್ಳೇದಲ್ಲ."

"ಒಳ್ಳೇದಲ್ಲ ಅಂದ್ರೆ?"

"ಸುಮ್ನೆ ಹೇಳಿದ ಮಾತು ಕೇಳು."

"ಅಮ್ಮ, ನಾನು ಒಂಬತ್ತು ತಿಂಗಳಿಂದ ಅಂದ್ಕೊಂಡಿದ್ದು ಇದು" ಎಂದಳು ಮಗಳು, ದನಿ ಸಣ್ಣದಾಗಿತ್ತು. "ನಿಂಗೆ ಇಷ್ಟ ಇಲ್ದಿದ್ರೆ ಕಾರಣ ಹೇಳು. ಸುಮ್ಮಸುಮ್ನೆ ನನ್ನ ಮನಸ್ಸು ಮುರೀಬೇಡ."

ದಿನವಿಡೀ ಊರಿಗೆಲ್ಲ ಕೇಳುವಂತೆ ಮಾತಾಡುವವಳು ತಗ್ಗಿದ ದನಿಯಲ್ಲಿ ಸಂಜೆ ನೋಡೋಣ ಎಂದು ಫೋನಿಟ್ಟಳು. ಆಮೇಲೆ ಅವಳು ಒಂದು ಬಸ್ಸನ್ನು ತಪ್ಪು ಅಂಕಣಕ್ಕೆ ಕೂಗಿ, ಜನ ಗಂಟುಮೂಟೆ ಹೊತ್ತು ಅತ್ತಿಂದಿತ್ತ ಓಡಿ, ಟೈಮ್‌ಕೀಪರು ಸೀಟಿ ಊದುತ್ತಾ ಬಂದು ಗಾಜು ಬಡಿದು, "ಏನಾಗಿದೆ ಮೈಕಕ್ಕ ಇವತ್ತು" ಎಂದು ಕೇಳುವಂತಾಯಿತು.

ಬಿಸಿಲು ಇಳಿಯುವ ಹೊತ್ತಿಗೆ, ಅಮ್ಮ ಈಗ ಇರುವ ತಮ್ಮನ ಊರಿನ ಬಸ್ಸು ಬಂತು. ಅಮ್ಮ ಇಳಿಯುವುದು ಗಾಜಿನಿಂದಲೇ ಕಂಡಿತು. ಎಪ್ಪತ್ತು ದಾಟಿದ ಜೀವ, ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈ ಬಸ್ಸಿನ ಕಂಬಿಯ ಮೇಲೆ. ಎಂದಿನಂತೆ ಗೂಡಿನ ಹಿಂಬಾಗಿಲಿಗೆ ಬರುತ್ತಾಳೆ ಎಂದುಕೊಂಡರೆ ಅಮ್ಮ ಹೋಗಿ ಕಿಂಡಿಯ ಮುಂದಿನ ಸಾಲಿನಲ್ಲಿ ನಿಂತಳು. ಮುಂದಿದ್ದವರು ಬಸ್ಸಿನ ಹೊತ್ತು ಕೇಳಿಕೊಂಡು ಒಬ್ಬೊಬ್ಬರಾಗಿ ಹೋದರು. ಅಮ್ಮ ಕಿಂಡಿಗೆ ಮುಖ ಕೊಟ್ಟಳು.

"ಒಬ್ಬಳನ್ನ ಕೂಗ್ಬೇಕಿತ್ತು" ಎಂದಳು.

"ಒಳಗೆ ಬಾ ಅಮ್ಮ. ಹಿಂದಿನಿಂದ ಬಾ."

"ಎಲ್ಲರೂ ಎಲ್ಲಿಂದ ಕೇಳ್ತಾರೋ ನಾನೂ ಅಲ್ಲಿಂದಾನೇ ಕೇಳ್ತೀನಿ. ನನ್ನ ಮಗಳು ಕಳೆದುಹೋಗಿದಾಳೆ. ನಾಲ್ಕು ವರ್ಷ." ತಾನೇ ತಿದ್ದಿಕೊಂಡಳು. "ಇಲ್ಲ, ಈಗ ಐವತ್ತು ದಾಟಿರ್ಬೇಕು."

"ಅಮ್ಮ, ಜನ ಇದಾರೆ."

"ಇರ್ಲಿ. ನೀನು ಆ ಕುರ್ಚಿ ಮೇಲೆ ಕೂತು ಯಾವ ಕಾಲ ಆಯ್ತು. ಕೆಲಸ ಸಿಕ್ಕಿದ ದಿನ ಒಳ್ಳೇ ಕೆಲಸ ಅಂದಿದ್ದೆ, ನೆನಪಿದ್ಯಾ? ಇವತ್ತು ಕೂಗ್ತಾಳೆ, ನಾಳೆ ಕೂಗ್ತಾಳೆ ಅಂತ ಕಾದೆ. ಊರವರ ಮಕ್ಕಳನ್ನೆಲ್ಲ ಕೂಗಿದೆ. ಅವಳನ್ನ ಒಂದು ದಿನಾನೂ ಕೂಗ್ಲಿಲ್ಲ."

ನೆನಪಿತ್ತು. ಅಮ್ಮನ ಬಾಯಿಂದ ಉದುರಿದ ಅಪರೂಪದ ಮೆಚ್ಚುಗೆ ಅದು, ಅದನ್ನು ಇಷ್ಟು ವರ್ಷ ತನಗೇ ಬಂದದ್ದೆಂದು ಜೋಪಾನ ಮಾಡಿಕೊಂಡಿದ್ದಳು. ಮೈಕಕ್ಕನಿಗೆ ಕೆನ್ನೆಗೆ ಬಾರಿಸಿದಂತಾಯಿತು.

"ನೀನು ಹೇಳ್ಲಿಲ್ಲ" ಎಂದಳು.

"ನೀನು ಕೇಳ್ಲಿಲ್ಲ" ಎಂದಳು ಅಮ್ಮ. "ಬೆಳಿಗ್ಗೆ ನಿನ್ನ ಮಗಳು ಫೋನ್ ಮಾಡಿದ್ಲು. ಅದೇ ಹೆಸರಂತೆ. ನಂಗೆ ಅಳು ಬಂತು. ಒಬ್ಬಳದ್ದು ತೆಗೆದು ನಿಂಗಿಟ್ಟೆ, ಅವಳನ್ನ ಕೇಳ್ಲಿಲ್ಲ. ಈಗ ಮತ್ತೊಂದಕ್ಕೆ ಇಡೋ ಮುಂಚೆ ಒಂದು ಸಲ ಕೇಳ್ಬೇಡ್ವಾ? ಕೂಗು. ಬಂದ್ರೆ ಬರ್ಲಿ. ಬರ್ಲಿಲ್ಲ ಅಂದ್ರೆ ಬರ್ಲಿಲ್ಲ."

ಸಾಲಿನಲ್ಲಿ ಹಿಂದಿದ್ದವನೊಬ್ಬ ಏನು ತಡ ಎಂದು ಗೊಣಗಿದ. ಟೈಮ್‌ಕೀಪರು ಹಿಂಬಾಗಿಲಿನಿಂದ ಇಣುಕಿ, ಅವಳ ಮುಖ ಕಂಡು ಅಭ್ಯಾಸಬಲದಿಂದ "ನಾನು ಕೂಗ್ಲಾ ಮೈಕಕ್ಕ?" ಎಂದ. ಅವಳು ಬೇಡವೆಂದು ತಲೆಯಾಡಿಸಿದಳು. ಬೇಡವೆಂದದ್ದು ಯಾಕೆಂದು ಅವಳಿಗೂ ತಿಳಿಯದು. ಕುರ್ಚಿ ಬಿಟ್ಟು ಎದ್ದು ಹೋಗಿಬಿಡಬೇಕೆಂದು ಕಾಲು ಹೇಳುತ್ತಿತ್ತು, ಕೈ ಆಗಲೇ ಗುಂಡಿ ಒತ್ತಿತ್ತು.

ಹೇಗೆ ಕರೆಯುತ್ತೀರಿ ಎಂದು ಈ ತಾಯಿಯನ್ನು ಕೇಳಬೇಕಿರಲಿಲ್ಲ. ಮೊದಲ ಅಕ್ಷರ ಉದ್ದಕ್ಕೆ, ಕೊನೆಯದು ಏರಿಸಿ. ಎರಡು ಸಲ ಕೂಗಿದಳು, ತಡೆದಳು, ಮತ್ತೊಂದು ಸಲ ಕೂಗಿದಳು. ನಿಲ್ದಾಣದ ಆ ತುದಿಯ ಸ್ಪೀಕರಿನಿಂದ ಅವಳ ದನಿ ಒಂದು ಗಳಿಗೆ ತಡವಾಗಿ ತಿರುಗಿ ಬಂತು. ಅದು ಅಮ್ಮನ ದನಿಯೇ ಆಗಿತ್ತು. ಕಿಂಡಿಯಾಚೆ ಅಮ್ಮ ಸಂದಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸಾಧಾರಣ ಹೆಸರಿನ ಪಾಡು, ಕೂಗಿದರೆ ಯಾರಾದರೂ ಬಂದೇ ಬರುತ್ತಾರೆ. ಮೊದಲು ಕಾಲೇಜಿನ ಹುಡುಗಿಯೊಬ್ಬಳು ಬಂದಳು, ಫೋನು ಎತ್ತದ ಕಾರಣಕ್ಕೆ ಅಪ್ಪ ಮೈಕಿನಲ್ಲಿ ಮಾನ ಕಳೆದಿದ್ದಾನೆಂದು ಸಿಡಿಮಿಡಿಗುಟ್ಟುತ್ತಾ. ನೀನಲ್ಲ ಹೋಗಮ್ಮ ಎಂದರೂ ಕೇಳದೆ, ಫೋನು ತೆಗೆದು ನೋಡಿಕೊಂಡೇ ಹೋದಳು. ಆಮೇಲೆ ಮೂರನೇ ಅಂಕಣದ ಕಡೆಯಿಂದ ಒಬ್ಬ ಹೆಂಗಸು ಎದ್ದು ಬರತೊಡಗಿದಳು.

ಐವತ್ತರ ಮೇಲಿನ ವಯಸ್ಸು. ಕಿವಿ ಮುಚ್ಚುವಂತೆ ಕೂದಲು ಕಟ್ಟಿದ್ದಳು. ಸ್ವಲ್ಪ ಮುಂದಕ್ಕೆ ಬಾಗಿದ ಹೆಗಲು, ಅಮ್ಮನದೂ ಹಾಗೆಯೇ. ಅವಳು ಹತ್ತಿರವಾಗುತ್ತಿದ್ದಂತೆ ಮೈಕಕ್ಕ ಕುರ್ಚಿಯಿಂದ ಎದ್ದು ನಿಂತಳು. ಬಂದಳು, ಎಂದುಕೊಂಡಳು. ಕೊನೆಗೂ ಬಂದಳು. ಈ ವಯಸ್ಸಿನಲ್ಲಿ ತಾನು ಎಲ್ಲಿಗೆ ಹೋಗಬೇಕು ಎಂಬ ಹುಚ್ಚು ಪ್ರಶ್ನೆ ತಲೆಗೆ ಬಂತು. ಅವಳಿಗೊಂದು ಮನೆಯಿತ್ತು, ಗಂಡನಿದ್ದ, ಮಗಳಿದ್ದಳು, ಆದರೂ ಬಂತು.

"ನನ್ನ ಕೂಗಿದ್ರಾ?" ಎಂದಳು ಆ ಹೆಂಗಸು.

ಅಮ್ಮ ಅವಳ ಮಣಿಕಟ್ಟು ಹಿಡಿದುಬಿಟ್ಟಳು. "ಎಡಗಿವಿ ಒಂದು ಸಲ ತೋರ್ಸ್ತೀಯಾ ತಾಯಿ?"

ಯಾರೇ ಆದರೂ ಕೈ ಕೊಡವಿಕೊಂಡು ಹೋಗುತ್ತಿದ್ದರು. ಆ ಹೆಂಗಸು ಮುದುಕಿಯ ಮುಖ ನೋಡಿದಳು, ಗಾಜಿನೊಳಗೆ ಎದ್ದು ನಿಂತಿದ್ದವಳ ಮುಖ ನೋಡಿದಳು, ಚೀಲ ಕೆಳಗಿಟ್ಟು ಕೂದಲು ಮೇಲಕ್ಕೆತ್ತಿ ಕತ್ತು ತಿರುಗಿಸಿದಳು. ಅಮ್ಮ ಕನ್ನಡಕವನ್ನು ಹಣೆಗೇರಿಸಿ ತೀರಾ ಹತ್ತಿರಕ್ಕೆ ಬಾಗಿದಳು. ಕಿವಿಯ ಹಾಲೆಯನ್ನು ಬೆರಳಿನಿಂದ ಮಡಿಸಿ ನೋಡಿದಳು. ಅಲ್ಲೇನೂ ಇರಲಿಲ್ಲ.

"ನೀನಲ್ಲಮ್ಮ" ಎಂದಳು ಅಮ್ಮ. "ಹೋಗು, ಬಸ್ ತಪ್ಪೀತು."

"ಸಿಗ್ತಾರೆ ಬಿಡಿ" ಎಂದು ಆ ಹೆಂಗಸು ಅಮ್ಮನ ಕೈ ಒಮ್ಮೆ ಒತ್ತಿ ತನ್ನ ಚೀಲ ಎತ್ತಿಕೊಂಡು ಹೋದಳು. ಅವಳ ಹಿಂದೆ ಬೇರೆ ಯಾರೂ ಬರಲಿಲ್ಲ. ಸಾಲಿನಲ್ಲಿದ್ದವರೂ ಏನೋ ಅರ್ಥವಾದವರಂತೆ ಸ್ವಲ್ಪ ದೂರ ಸರಿದು ನಿಂತಿದ್ದರು.

ಮೈಕಕ್ಕ ಗುಂಡಿ ಆರಿಸಿ, ಆರಿದೆಯೇ ಎಂದು ಇನ್ನೊಮ್ಮೆ ನೋಡಿ, ಕಿಂಡಿಗೆ ಬಾಯಿ ತಂದಳು. ಇನ್ನು ಮುಚ್ಚಿಡಲು ಅವಳಿಂದ ಆಗಲಿಲ್ಲ. "ಅಮ್ಮ, ಅವಳಲ್ಲ ಅಂತ ಗೊತ್ತಾದಾಗ ನಂಗೆ ಉಸಿರು ಬಂತು. ಸಮಾಧಾನ ಆಯ್ತು. ಇಷ್ಟು ವರ್ಷ ಕೂಗದೆ ಇದ್ದಿದ್ದೂ ಅದಕ್ಕೇ. ಅವಳು ಬಂದ್ಬಿಟ್ರೆ ಅನ್ನೋ ಭಯ. ಬೈಯೋದಾದ್ರೆ ಬೈದ್ಬಿಡು."

ಅಮ್ಮ ಬೈಯಲಿಲ್ಲ. ಕನ್ನಡಕವನ್ನು ಹಣೆಯಿಂದ ಇಳಿಸಿ, ಬಟ್ಟೆಯಂಚಿನಿಂದ ಒರೆಸಿ ಹಾಕಿಕೊಂಡಳು.

"ಅವಳು ಕೂದಲು ಎತ್ತಿದಾಗ ನಂಗೂ ಭಯ ಆಯ್ತು" ಎಂದಳು. "ಕಲೆ ಕಾಣ್ಲಿ ಅಂತ ಅಂದ್ಕೊಂಡೇ ಬಾಗಿದ್ದು. ಬಾಗಿದ ಮೇಲೆ, ಇದ್ರೆ ಏನಪ್ಪಾ ಗತಿ ಅನ್ನಿಸ್ತು. ಅವಳನ್ನ ಆ ಹೆಸರು ಹಿಡಿದು ಕರೆದ್ರೆ, ನಿನ್ನನ್ನ ನಾನು ಏನಂತ ಕರೀಲಿ? ನಂಗೆ ಬೇರೆ ಹೆಸರೇ ಬರ್ಲಿಲ್ಲ."

ಮೇಜಿನ ಮೇಲಿದ್ದ ಫೋನು ಗುರುಗುಟ್ಟತೊಡಗಿತು. ಮಗಳು. ಬರೆದುಕೊಳ್ಳುವವರು ಬಂದಿದ್ದಾರೆ, ಮಂಚದ ಪಕ್ಕದಲ್ಲೇ ನಿಂತಿದ್ದಾರೆ, ಹೇಳಿಬಿಡಲಾ ಎಂದಳು. ಮೈಕಕ್ಕ ಇನ್ನೂ ಉತ್ತರ ಹುಡುಕುತ್ತಿರುವಾಗಲೇ ಅಮ್ಮನ ಸುಕ್ಕುಗಟ್ಟಿದ ಕೈ ಸಂದಿನೊಳಗಿಂದ ಒಳಗೆ ಬಂತು. ಅವಳು ಫೋನನ್ನು ಆ ಕೈಯಲ್ಲಿಟ್ಟಳು.

"ನಾನು ಕಣೇ, ಅಜ್ಜಿ" ಎಂದಳು ಅಮ್ಮ. "ಆ ಹೆಸರು ಬೇಡ. ನಿಂಗೆ ಇಷ್ಟವಾಗಿದ್ದು ಬೇರೆ ಏನಾದ್ರೂ ಇಡು, ಯಾರೂ ಇಟ್ಕೊಳ್ದೇ ಇರೋದು. ಹೂಂ, ಬೆಳಿಗ್ಗೆ ಅತ್ತಿದ್ದು ನಿಜ ಕಣೇ, ಖುಷಿಗಲ್ಲ. ಬಂದ ಮೇಲೆ ಹೇಳ್ತೀವಿ, ನಿಮ್ಮಮ್ಮನೇ ಹೇಳ್ತಾಳೆ." ಆ ಕಡೆಯಿಂದ ಮಗಳು ಏನೋ ಕೇಳಿದಳು. ಅಮ್ಮ ಗಾಜಿನ ಕಡೆ ನೋಡಿದಳು. "ಅದು ಖಾಲಿ ಇಲ್ಲಮ್ಮ. ಅದರಲ್ಲಿ ನನ್ನ ಮಗಳಿದಾಳೆ."

ಫೋನು ಸಂದಿನಿಂದ ಹಿಂದಿರುಗಿ ಬಂತು. ಟೈಮ್‌ಕೀಪರು ಸದ್ದಿಲ್ಲದೆ ಒಳಗೆ ಬಂದು, ನೀವು ಹೊರಡಿ ಎಂಬಂತೆ ಕುರ್ಚಿಯ ಬೆನ್ನು ಹಿಡಿದು ನಿಂತ. ಮೈಕಕ್ಕ ತನ್ನ ಡಬ್ಬಿಯನ್ನೂ ಚೀಲವನ್ನೂ ತೆಗೆದುಕೊಂಡು ಹಿಂಬಾಗಿಲಿನಿಂದ ಹೊರಗೆ ಬಂದಳು. ಅಷ್ಟರಲ್ಲಿ ಅಮ್ಮ ಜನರ ನಡುವೆ ಒಂದೆರಡು ಹೆಜ್ಜೆ ಮುಂದೆ ಹೋಗಿ, ನಿಂತು, ಅವಳ ಹೆಸರು ಹಿಡಿದು ಕೂಗಿದಳು. ಎಳೆಯಲಿಲ್ಲ, ಏರಿಸಲಿಲ್ಲ.

"ಬಂದೆ" ಎಂದು ಅವಳು ಎದುರು ಹೋಗಿ ನಿಂತಳು. ಎಂದಿನ ಎರಡು ಮಾತಿಗಾಗಿ ಮೈ ಬಿಗಿಹಿಡಿದು ಕಾದಳು. ಅಮ್ಮನ ಕಣ್ಣು ಎಲ್ಲಿಗೂ ಹೋಗದೆ ಅವಳ ಮುಖದ ಮೇಲೇ ಇತ್ತು.

"ಕೈ ಹಿಡ್ಕೋ" ಎಂದಳು ಅಮ್ಮ. "ಜನ ಜಾಸ್ತಿ ಇದಾರೆ."